ಮೂರು ಬಾಗಿಲಿನ ಪೆನ್‌ಡ್ರೈವ್

“ನಿನ್ನ ತಲೆ ಬಿಚ್ಚಿ ನೋಡಿದ್ರೆ ಒಳಗೆ ಏನೂ ಇರಲ್ಲ ಕಣೋ. ಬರೀ ಒಂದು ಫ್ಯಾನು. ಸುಮ್ನೆ ತಿರುಗ್ತಾ ಇರುತ್ತೆ, ಬರೋದೆಲ್ಲ ಬಿಸಿಗಾಳಿ!”

ಕಂಪ್ಯೂಟರ್ ರಿಪೇರಿ ಅಂಗಡಿಯ ಯಜಮಾನ ತನ್ನ ತಂಗಿಯ ಗಂಡನಿಗೆ ಈ ಮಾತು ಹೇಳಿದಾಗ ಅಂಗಡಿಯಲ್ಲಿ ನೀರಿನ ಕಚೇರಿಯ ಹೆಡ್‌ಕ್ಲರ್ಕಮ್ಮ ಇದ್ದರು. ಪಕ್ಕದ ಅಂಗಡಿಯ ದರ್ಜಿ ಕೊರಳಿಗೆ ಟೇಪು ನೇತು ಹಾಕಿಕೊಂಡು ನಿಂತಿದ್ದ. ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿಕೊಂಡು ಬಂದಿದ್ದ ಗಿರಾಕಿಯೊಬ್ಬ ಅದನ್ನು ತಲೆಕೆಳಗಾಗಿ ಹಿಡಿದು ಸರದಿ ಕಾಯುತ್ತಿದ್ದ. ಮೂವರೂ ನಕ್ಕರು. ದರ್ಜಿಯಂತೂ ಎರಡು ಸಲ ನಕ್ಕ: ಮೊದಲು ಅರ್ಥವಾಗದೆ, ಆಮೇಲೆ ಹೆಡ್‌ಕ್ಲರ್ಕಮ್ಮ ನಕ್ಕಿದ್ದನ್ನು ನೋಡಿ.

ಬೈಸಿಕೊಂಡವನಿಗೆ ಊರೆಲ್ಲ ಇಟ್ಟಿದ್ದ ಹೆಸರು ರೀಸ್ಟಾರ್ಟು. ಪರದೆ ಕಪ್ಪಾಗಲಿ, ಪ್ರಿಂಟರ್ ಕಾಗದ ನುಂಗಲಿ, ಗಿರಾಕಿಗೆ ತಲೆನೋವು ಬರಲಿ, ಅವನ ಬಾಯಿಂದ ಬರುತ್ತಿದ್ದ ಔಷಧ ಒಂದೇ: “ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ.” ಹತ್ತರಲ್ಲಿ ಆರು ಸಲ ಅದು ಸರಿಹೋಗುತ್ತಿತ್ತು ಎನ್ನುವುದೇ ಅವನ ದುರದೃಷ್ಟ. ಒಂದೂ ಸರಿಹೋಗದಿದ್ದರೆ ಬೇರೆ ಏನಾದರೂ ಕಲಿಯುತ್ತಿದ್ದ.

ಅಂದಿನ ಅಪರಾಧ ಸಣ್ಣದೇನಲ್ಲ. ಅಂಗಡಿಯಲ್ಲಿ ಕಂಪ್ಯೂಟರಿಗೆ ತಂತ್ರಾಂಶ ತುಂಬಿ ಜೀವ ಕೊಡುವ ಪೆನ್‌ಡ್ರೈವ್‌ಗಳು ಮೂರಿದ್ದವು. ಒಂದು ಮನೆಗಳಿಗೆ, ಒಂದು ಕಚೇರಿಗಳಿಗೆ, ಒಂದು ಶಾಲೆಗಳಿಗೆ. ಮೂರೂ ಕಪ್ಪು, ಮೂರೂ ಒಂದೇ ತಾಯಿ ಹೆತ್ತ ಹಾಗೆ. ಮೇಲೆ ಚೀಟಿ ಅಂಟಿಸಿದ್ದರು. ಚೀಟಿ ಇದ್ದರೆ ತೂತಿಗೆ ಸರಿಯಾಗಿ ಕೂರುವುದಿಲ್ಲ ಎಂದು ರೀಸ್ಟಾರ್ಟು ಅದನ್ನು ಕಿತ್ತುಹಾಕಿದ್ದ. ಹಿಂದಿನ ದಿನ ನೀರಿನ ಕಚೇರಿಯ ದೊಡ್ಡ ಸಾಹೇಬರ ಕಂಪ್ಯೂಟರಿಗೆ ಶಾಲೆಯ ಎಡಿಷನ್ ತುಂಬಿ, ಬೆವರು ಒರೆಸಿಕೊಂಡು, ನಮಸ್ಕಾರ ಹೇಳಿ ಬಂದಿದ್ದ. ಬೆಳಿಗ್ಗೆ ಎಂಜಿನಿಯರುಗಳ ಮೀಟಿಂಗ್ ನಡುವೆ ಸಾಹೇಬರು ಯಂತ್ರ ತೆರೆದರೆ ಪರದೆಯ ಮೇಲೆ ಒಂದು ಮೊಲ ಬಂದು, ತನ್ನ ಬುಟ್ಟಿಯಲ್ಲಿ ಎಷ್ಟು ಕ್ಯಾರೆಟ್ ಉಳಿದವು ಹೇಳಿ ಎಂದು ಕೇಳಿತು. ಉತ್ತರ ಹೇಳದೆ ಒಳಗೆ ಬಿಡುವುದಿಲ್ಲ ಎಂದಿತು. ಸಾಹೇಬರು ತಪ್ಪು ಹೇಳಿದರು. ಮತ್ತೆ ತಪ್ಪು ಹೇಳಿದರು. ಊರಿಗೆಲ್ಲ ನೀರು ಹಂಚುವ ಲೆಕ್ಕ ಇವರ ಕೈಯಲ್ಲಿದೆ ಎಂಬುದು ಆಗ ಎಂಜಿನಿಯರುಗಳಿಗೆ ನೆನಪಾಗಿ, ಎಲ್ಲರೂ ಕಿಟಕಿಯ ಕಡೆ ತಿರುಗಿದರು.

“ಮೊಲ ಅಳ್ತು ಕಣ್ರೀ,” ಎಂದರು ಹೆಡ್‌ಕ್ಲರ್ಕಮ್ಮ. “ಸಾಹೇಬ್ರು ತಪ್ಪು ಹೇಳಿದ್ದಕ್ಕೆ ಮೊಲ ಗಳಗಳ ಅಂತ ಅಳ್ತು. ನಾನು ನನ್ನ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ.”

ರೀಸ್ಟಾರ್ಟುವಿನ ಕಿವಿ ಕೆಂಪಾಯಿತು. ಬೇರೆಯವನಾಗಿದ್ದರೆ ತಪ್ಪಾಯ್ತು ಎಂದು ಮುಗಿಸುತ್ತಿದ್ದ. ಇವನು ಎದೆ ಸೆಟೆಸಿದ.

“ತಪ್ಪು ನಂದಲ್ಲ ಭಾವ, ಪೆನ್‌ಡ್ರೈವ್‌ದು. ಮೂರು ಯಾಕಿರ್ಬೇಕು? ಮೂರೂ ಎಡಿಷನ್ ಒಂದ್ರಲ್ಲೇ ಹಾಕ್ತೀನಿ. ಚುಚ್ಚಿದ ಕೂಡ್ಲೆ ಅದೇ ಕೇಳ್ಬೇಕು, ಮನೇದಾ, ಕಚೇರೀದಾ, ಶಾಲೇದಾ ಅಂತ. ಒತ್ತಿ ಕೈಕಟ್ಕೊಂಡು ಕೂರೋದಷ್ಟೇ. ಹೆಸ್ರು, ಭಾಷೆ, ಗಡಿಯಾರ, ಯಾವ್ದನ್ನೂ ಕೇಳಲ್ಲ. ಎಲ್ಲಾ ಉತ್ರಾನೂ ಮೊದ್ಲೇ ಬರೆದಿಟ್ಟಿರ್ತೀನಿ.”

“ನೀನು?” ಎಂದ ಭಾವ.

“ನಾನೇ.”

ಭಾವ ಹೆಡ್‌ಕ್ಲರ್ಕಮ್ಮನ ಮುಖ ನೋಡಿದ. ಸಾಕ್ಷಿ ಇದ್ದಾಗ ಅವನ ನಾಲಿಗೆಗೆ ಒಂದು ಚಕ್ರ ಜಾಸ್ತಿ. “ಸರಿ. ಅವರ ಕಚೇರಿಗೆ ಹೊಸ ಕಂಪ್ಯೂಟರ್‌ಗಳು ಬಂದಿಳಿದಿವೆ. ಅಷ್ಟನ್ನೂ ನಿನ್ನ ಆ ಒಂದೇ ಪೆನ್‌ಡ್ರೈವಲ್ಲಿ ಎಬ್ಬಿಸು. ಒಂದು ದೂರು ಬರಬಾರ್ದು. ಗೆದ್ರೆ ಒಳಗಿನ ರಿಪೇರಿ ಮೇಜು ನಿಂದು. ಸೋತ್ರೆ ಬ್ರಷ್ ಹಿಡ್ಕೊಂಡು ಸಾಯೋತನಕ ಕೀಬೋರ್ಡ್ ಧೂಳು ಹೊಡೀತಾ ಇರು, ಮತ್ತೆ ನನ್ನ ತಂಗಿ ಕೈಲಿ ಶಿಫಾರಸು ಮಾಡಿಸಕೂಡ್ದು.”

ಆ ರಿಪೇರಿ ಮೇಜು ಎಂದರೆ ಏನು ಎಂದು ಹೊರಗಿನವರಿಗೆ ತಿಳಿಯದು. ಅಲ್ಲಿ ಬಗ್ಗಿಸಿದ ಕಡೆ ಬಗ್ಗುವ ದೀಪವಿತ್ತು, ಭೂತಗನ್ನಡಿ ಇತ್ತು, ತಿರುಗುವ ಕುರ್ಚಿಯಿತ್ತು. ಅಲ್ಲಿ ಕೂತವನ ಹತ್ತಿರ ಗಿರಾಕಿಗಳು ವೈದ್ಯರ ಮುಂದೆ ನಿಂತ ಹಾಗೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ರೀಸ್ಟಾರ್ಟು ಮದುವೆಯಾದಾಗಿನಿಂದ ಆ ಕುರ್ಚಿಯನ್ನು ಒರೆಸಿದ್ದ, ಒಮ್ಮೆಯೂ ಕೂತಿರಲಿಲ್ಲ.

ಕೆಲಸ ಮನೆಯಲ್ಲೇ ಶುರುವಾಯಿತು. ಬರೀ ಎಡಿಷನ್‌ಗಳನ್ನು ಒಟ್ಟುಮಾಡಿದ್ದರೆ ಬೇಗ ಮುಗಿಯುತ್ತಿತ್ತೇನೋ. ಆದರೆ ಅವನಿಗೆ ಒಂದು ಯೋಚನೆ ಬಂತು, ಅವನಿಗೆ ಯೋಚನೆ ಬಂದಾಗಲೆಲ್ಲ ಯಾರಿಗೋ ಕೆಲಸ ಹೆಚ್ಚಾಗುತ್ತಿತ್ತು. ಹೊಸದಾಗಿ ಎದ್ದ ಕಂಪ್ಯೂಟರಿಗೆ ಏನೂ ಗೊತ್ತಿರುವುದಿಲ್ಲ; ಪ್ರಿಂಟರ್ ಎಂದರೆ ಯಾರು ಎನ್ನುತ್ತದೆ, ಕನ್ನಡ ಎಂದರೆ ಚೌಕ ಚೌಕ ಡಬ್ಬಿ ತೋರಿಸುತ್ತದೆ. ತನ್ನ ಮನೆಯ ಕಂಪ್ಯೂಟರು ಹಾಗಲ್ಲ, ಪಳಗಿದ ಎತ್ತು. ಅದರ ಪೂರ್ತಿ ಪಡಿಯಚ್ಚನ್ನೇ ತೆಗೆದು, ಅದನ್ನೇ ಬುನಾದಿ ಮಾಡಿ, ಮೇಲೆ ಮೂರು ಎಡಿಷನ್ ಕಟ್ಟಿದರೆ?

ಕಟ್ಟಿದ. ಮೂರು ಎಡಿಷನ್‌ಗೂ ಬೇಕಾದ ಸಾಮಾನು ಮುಕ್ಕಾಲು ಪಾಲು ಒಂದೇ ಆದ್ದರಿಂದ ಅದನ್ನು ಒಂದೇ ಸಲ ಇಟ್ಟು ಮೂವರಿಗೂ ಹಂಚುವುದು ಈ ವಿದ್ಯೆಯ ಗುಟ್ಟು. ಮನೆಗೆ ಬಾಗಿಲು ಮೂರು, ನಡುಮನೆ ಒಂದೇ.

ಪಡಿಯಚ್ಚು ತೆಗೆಯುವ ಮೊದಲು ಕಂಪ್ಯೂಟರು ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳಿತು: ಹಳೆಯ ಯಜಮಾನರ ಗುರುತುಗಳನ್ನೆಲ್ಲ ಈ ಯಂತ್ರದಿಂದ ಅಳಿಸಿಬಿಡಲೇ? ಈ ಕಸುಬಿನವರೆಲ್ಲ ಇಲ್ಲಿ ಕಣ್ಣು ಮುಚ್ಚಿ ಹೂಂ ಎನ್ನುತ್ತಾರೆ. ರೀಸ್ಟಾರ್ಟು ಬೆಚ್ಚಿಬಿದ್ದ. ಅಳಿಸಿದರೆ ಹೆಂಡತಿಯ ಧ್ವನಿ ಹೋಗುತ್ತದೆ!

ವಿಷಯ ಏನೆಂದರೆ, ಅವನ ಹೆಂಡತಿ ಬೆಳಿಗ್ಗೆ ಬೇಗ ಗಿಡ ಮಾರುವ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು. ರಿಪೇರಿ ಅಂಗಡಿ ತೆರೆಯುವುದು ತಡ. ಆ ನಡುವಿನ ಹೊತ್ತಿನಲ್ಲಿ ಗಂಡ ಎರಡು ಸಲ ಹಾಲು ಉಕ್ಕಿಸಿ, ಒಂದು ಪಾತ್ರೆ ಕರಿ ಮಾಡಿ, ರಕ್ತದೊತ್ತಡದ ಮಾತ್ರೆ ಮರೆತು, ಒಮ್ಮೆ ಪಂಚೆಯಲ್ಲೇ ಅಂಗಡಿಗೆ ಹೋಗಿದ್ದ. ಅದಕ್ಕೇ ಅವಳು ಒಂದು ಭಾನುವಾರವನ್ನೆಲ್ಲ ಬಲಿಕೊಟ್ಟು, ಯಾವ ಹೊತ್ತಿಗೆ ಏನು ಮಾಡಬೇಕೆಂದು ತನ್ನ ಧ್ವನಿಯಲ್ಲೇ ಕಂಪ್ಯೂಟರಿನೊಳಗೆ ಕೂಗಿಟ್ಟಿದ್ದಳು. ಧ್ವನಿ ತಗ್ಗಿಸಿದರೆ ತಾನೇ ಏರಿಸಿಕೊಳ್ಳಬೇಕು, ‘ಆಯ್ತು’ ಎಂದು ಒತ್ತುವವರೆಗೆ ಬಿಡಬಾರದು ಎಂದು ಅವನ ಕೈಯಿಂದಲೇ ಮಾಡಿಸಿದ್ದಳು. ಅದನ್ನು ಅಳಿಸಿ ಅವಳ ಮುಂದೆ ನಿಲ್ಲುವ ಗಂಡಸು ಆ ಬೀದಿಯಲ್ಲೇ ಇರಲಿಲ್ಲ.

ಬೇಡ ಎಂದು ಒತ್ತಿದ. ಹೇಗೂ ಮನೆಯ ಸಂಗತಿ ಮನೆಯ ಎಡಿಷನ್ನಿನಲ್ಲೇ ಇರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡ. ಮದುವೆಯ ಫೋಟೋ ತೆಗೆದು ನಲ್ಲಿಯ ಚಿತ್ರ ಹಾಕಿದ. ತನ್ನ ಹೆಸರು ಇದ್ದ ಕಡೆಯೆಲ್ಲ ‘ಕಚೇರಿ’ ಎಂದು ಬರೆದ. ಕಣ್ಣಿಗೆ ಕಂಡಿದ್ದನ್ನೆಲ್ಲ ಗುಡಿಸಿದ. ಮನುಷ್ಯನಿಗೆ ಕಿವಿ ಎಂಬುದೂ ಇದೆಯೆಂದು ಹೊಳೆಯಲಿಲ್ಲ.

“ಮುಗೀತಾ?” ಎಂದಳು ಹೆಂಡತಿ.

“ಮುಗೀತು. ಇನ್ನು ಮೇಲೆ ನಿಮ್ಮಣ್ಣ ನನ್ನನ್ನ ಬಹುವಚನದಲ್ಲಿ ಕರೀಬೇಕು.”

“ಮೊದ್ಲು ಒಂದ್ಸಲ ಎಲ್ಲಾದ್ರೂ ಹಾಕಿ ನೋಡಿ.”

“ನೋಡೋದೇನು ಬಂತು? ನನ್ನ ಕೈಯಾರೆ ಮಾಡಿದ್ದು.”

ನೀರಿನ ಕಚೇರಿಯಲ್ಲಿ ಅವನ ಆ ಮಧ್ಯಾಹ್ನ ಒಂದು ಮೆರವಣಿಗೆ. ಪೆನ್‌ಡ್ರೈವ್ ಚುಚ್ಚುತ್ತಿದ್ದ, ಮೂರು ಬಾಗಿಲು ತೋರಿಸುತ್ತಿತ್ತು, ‘ಕಚೇರಿ’ ಎಂದು ಒತ್ತಿ ಕೈಕಟ್ಟಿ ನಿಲ್ಲುತ್ತಿದ್ದ. ಕಂಪ್ಯೂಟರು ತಾನೇ ಕೇಳಿಕೊಂಡು ತಾನೇ ಉತ್ತರ ಹೇಳಿಕೊಂಡು ಎದ್ದು ಕೂರುತ್ತಿತ್ತು. ಅರ್ಜಿ ಹಿಡಿದು ಬಂದಿದ್ದ ಜನರೂ ಸಾಲು ಬಿಟ್ಟು ನೋಡಲು ಬಂದರು. ಸಾಹೇಬರು ಹಿಂದೆ ಕೈಕಟ್ಟಿಕೊಂಡು ಬಂದು, “ಮೊಲ ಇಲ್ಲ ತಾನೇ?” ಎಂದು ಮೆಲ್ಲಗೆ ಕೇಳಿದರು.

“ಮೊಲ ಮೂರನೇ ಬಾಗಿಲಲ್ಲಿದೆ ಸಾರ್. ಬೀಗ ಹಾಕಿದೀನಿ.”

ಸಾಹೇಬರು ಬೆನ್ನು ತಟ್ಟಿದರು. ಸುದ್ದಿ ಕೇಳಿದ ಭಾವ ಸಂಜೆ ತಿರುಗುವ ಕುರ್ಚಿಯ ಮೇಲಿದ್ದ ತನ್ನ ಟವೆಲ್ ತೆಗೆದು ಜಾಗ ಖಾಲಿ ಮಾಡಿದ. ಅಷ್ಟೇ. ಆದರೆ ರೀಸ್ಟಾರ್ಟು ಆ ರಾತ್ರಿ ಊಟಕ್ಕೂ ತಿರುಗಿ ತಿರುಗಿ ಕೂತ.

ಮರುದಿನ ಬೆಳಿಗ್ಗೆ ನೀರಿನ ಕಚೇರಿ ತೆರೆದು, ಫೈಲುಗಳು ಇನ್ನೂ ಆಕಳಿಸುತ್ತಿದ್ದ ಹೊತ್ತಿನಲ್ಲಿ, ಅಲ್ಲಿದ್ದ ಅಷ್ಟೂ ಕಂಪ್ಯೂಟರುಗಳು ಒಮ್ಮೆಲೇ ಹೆಣ್ಣು ದನಿಯಲ್ಲಿ ಕಿರುಚಿದವು:

“ರೀ! ಹಾಲು!”

ಮುಂದೆ ನಡೆದದ್ದಕ್ಕೆ ಹೆಡ್‌ಕ್ಲರ್ಕಮ್ಮ ಸಾಕ್ಷಿ. ಕಚೇರಿಯಲ್ಲಿದ್ದ ಮದುವೆಯಾದ ಗಂಡಸರೆಲ್ಲ ಒಂದೇ ಏಟಿಗೆ ಎದ್ದು ನಿಂತರು. ಎಂಥ ತುರ್ತು ಕಡತಕ್ಕೂ ಹಾಗೆ ಎದ್ದವರಲ್ಲ. ಕ್ಯಾಷಿಯರ್ ಅರ್ಧ ಎಣಿಸಿದ ಕಂತೆಯನ್ನು ಬಿಟ್ಟು ಓಡಿದ. ಅರ್ಜಿಯ ಸಾಲಿನಲ್ಲಿದ್ದ ಮುದುಕರೊಬ್ಬರೂ ಓಡಿದರು. ದೊಡ್ಡ ಸಾಹೇಬರು ಕೋಣೆಯಿಂದ ಚಪ್ಪಲಿಯಿಲ್ಲದೆ ಧಾವಿಸಿ ಬಂದು ಕಾಫಿ ಮಾಡುವ ಮೂಲೆಯ ಒಲೆಯನ್ನು ಆರಿಸಿದರು. ಒಲೆ ಹತ್ತಿಯೇ ಇರಲಿಲ್ಲ. ಆದರೂ ಆರಿಸಿದರು.

ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ರೀ! ಹಾಲು!” ಎಂದವು ಕಂಪ್ಯೂಟರುಗಳು ಮತ್ತೆ.

ಹೆಡ್‌ಕ್ಲರ್ಕಮ್ಮ ಫೋನ್ ತಿರುಗಿಸಿದರು. ಆ ಹೊತ್ತಿಗೆ ಮನೆಯಲ್ಲಿ ರೀಸ್ಟಾರ್ಟು ಅದೇ ಕೂಗು ಕೇಳಿ, ಹಾಲು ಇಳಿಸಿ, ‘ಆಯ್ತು’ ಒತ್ತಿ, ತನ್ನ ಶಿಸ್ತಿಗೆ ತಾನೇ ಮೆಚ್ಚಿ ನಿಂತಿದ್ದ.

“ಏನಪ್ಪಾ ಇದು, ಕಂಪ್ಯೂಟರ್ ನಮ್ಮನ್ನ ರೀ ಅಂತಿದೆ!”

“ಒಳ್ಳೇದಲ್ವಾ ಮೇಡಂ, ಮರ್ಯಾದೆ ಕೊಡ್ತಿದೆ.”

“ಹಾಲು ಅಂತಿದೆ ಕಣೋ!”

ರೀಸ್ಟಾರ್ಟುವಿನ ಕೈಯಲ್ಲಿದ್ದ ಇಕ್ಕಳ ಜಾರಿತು. ಸತ್ಯ ಪೂರ್ತಿ ತಲೆಗೆ ಇಳಿಯುವ ಮುಂಚೆಯೇ ಬಾಯಿ ತನ್ನ ಹಳೆಯ ಚಾಳಿ ತೋರಿಸಿಬಿಟ್ಟಿತು: “ಒಂದ್ಸಲ ಎಲ್ಲಾನೂ ರೀಸ್ಟಾರ್ಟ್ ಮಾಡಿ ನೋಡಿ ಮೇಡಂ.”

ಮಾಡಿದರು. ಮನೆಯಲ್ಲಿ ಮಾಡಿದ ಏರ್ಪಾಡಿನ ಪ್ರಕಾರ, ಯಾರೂ ‘ಆಯ್ತು’ ಎಂದು ಒತ್ತದ ಕೂಗುಗಳು ಕಂಪ್ಯೂಟರು ಮತ್ತೆ ಎದ್ದಾಗ ಮೊದಲಿನಿಂದ ಶುರುವಾಗಬೇಕು. ಒಂದೊಂದು ಯಂತ್ರ ಒಂದೊಂದು ಗಳಿಗೆಗೆ ಎದ್ದಿತು. ಹಾಲಿನ ಕೂಗು ಟಪಾಲು ವಿಭಾಗದಲ್ಲಿ ಹುಟ್ಟಿ, ಬಿಲ್ಲು ವಿಭಾಗ ದಾಟಿ, ಸಾಹೇಬರ ಕೋಣೆ ಸೇರುವಷ್ಟರಲ್ಲಿ ಟಪಾಲಿನಲ್ಲಿ ಹೊಸ ಕೂಗು ಎದ್ದಿತ್ತು: “ರೀ, ಮಾತ್ರೆ ತಗೊಂಡ್ರಾ? ಸುಳ್ಳು ಹೇಳ್ಬೇಡಿ!”

ಸಾಹೇಬರು ಆಗ ಮನೆಯಿಂದ ಬಂದ ಫೋನಿನಲ್ಲಿ ಮಾತಾಡುತ್ತಿದ್ದರು. ಎದುರಿನ ಪರದೆ ಗದರಿದಾಗ, ಅಭ್ಯಾಸಬಲದಿಂದ, “ತಗೊಂಡೆ, ತಗೊಂಡೆ” ಎಂದುಬಿಟ್ಟರು.

ಫೋನಿನಲ್ಲಿ ಅವರ ಹೆಂಡತಿಯ ಸ್ವರ, ಬಹಳ ಮೃದುವಾಗಿ: “ಯಾರ್ರೀ ಅದು?”

“ಕಂಪ್ಯೂಟರ್ ಕಣೇ.”

“ಓಹೋ. ನಿಮ್ಮನ್ನ ರೀ ಅನ್ನೋ ಕಂಪ್ಯೂಟರ್ರು.”

“ಆಣೆ ಮಾಡಿ ಹೇಳ್ತೀನಿ...”

“ಅಲ್ಲೇ ಇರಿ. ಆಟೋ ಹಿಡ್ಕೊಂಡು ಬರ್ತೀನಿ. ನಾನೂ ನೋಡ್ಬೇಕು ನಿಮ್ಮ ಕಂಪ್ಯೂಟರ್‌ನ.”

ಸಾಹೇಬರು ಕುರ್ಚಿಯಲ್ಲಿ ಕುಸಿದರು. ನಿಜ ಹೇಳಬೇಕೆಂದರೆ ಮಾತ್ರೆ ತೆಗೆದುಕೊಂಡಿರಲಿಲ್ಲ. ಜೇಬಿನಿಂದ ಪಟ್ಟಿ ತೆಗೆದು, ನೀರಿಲ್ಲದೆಯೇ ನುಂಗಿದರು. ನೀರಿನ ಕಚೇರಿಯ ದೊಡ್ಡ ಸಾಹೇಬರು, ನೀರಿಲ್ಲದೆ!

ಗಿಡಗಳ ಅಂಗಡಿ ಇದ್ದದ್ದು ಆ ಕಚೇರಿಯ ಎದುರಿಗೇ. ರೀಸ್ಟಾರ್ಟುವಿನ ಹೆಂಡತಿ ಗಿರಾಕಿಯೊಬ್ಬರಿಗೆ ಗುಲಾಬಿ ಗಿಡದ ಬುಡಕ್ಕೆ ಮಣ್ಣು ಒತ್ತಿಕೊಡುತ್ತಿದ್ದಳು. ರಸ್ತೆಯಾಚೆಯ ಕಿಟಕಿಗಳಿಂದ ತನ್ನದೇ ದನಿ ತನ್ನ ಗಂಡನನ್ನು ಗದರುವುದು ಕೇಳಿಸಿತು. ಒಂದು ಕಿಟಕಿಯಿಂದಲ್ಲ, ಅಷ್ಟೂ ಕಿಟಕಿಗಳಿಂದ. ಗುಲಾಬಿಯನ್ನು ಗಿರಾಕಿಯ ಕೈಗಿಟ್ಟು, ಮಣ್ಣು ಕೈಯಲ್ಲೇ ರಸ್ತೆ ದಾಟಿದಳು.

ಬಾಗಿಲಲ್ಲಿ ಆಟೋ ಇಳಿಯುತ್ತಿದ್ದ ಸಾಹೇಬರ ಹೆಂಡತಿಯೂ ಇವಳೂ ಒಟ್ಟಿಗೆ ಒಳಗೆ ಬಂದರು. ಹೆಡ್‌ಕ್ಲರ್ಕಮ್ಮ ಫೋನ್ ಮಾಡಿ ಕರೆಸಿದ್ದ ಭಾವ ಹಿಂದೆಯೇ ಸ್ಕೂಟರಿನಿಂದ ಇಳಿದ, ಭಾವನ ಹಿಂದಿನ ಸೀಟಿನಿಂದ ರೀಸ್ಟಾರ್ಟು ಇಳಿದ. ಇಳಿದ ಎನ್ನುವುದಕ್ಕಿಂತ ಭಾವ ಕಾಲರ್ ಹಿಡಿದು ಇಳಿಸಿದ.

“ಯಾರದ್ದು ಆ ದನಿ?” ಎಂದರು ಸಾಹೇಬರ ಹೆಂಡತಿ, ಇಡೀ ಕಚೇರಿಗೆ.

“ನಂದು,” ಎಂದಳು ರೀಸ್ಟಾರ್ಟುವಿನ ಹೆಂಡತಿ.

“ನನ್ನ ಗಂಡನ್ನ ರೀ ಅನ್ನೋಕೆ ನೀನು ಯಾರಮ್ಮ?”

“ನಾನು ನನ್ನ ಗಂಡನ್ನ ರೀ ಅಂದಿದ್ದು ಅಮ್ಮ. ನಿಮ್ಮ ಗಂಡ ಯಾಕೆ ಓಗೊಟ್ರು, ಅದನ್ನ ಅವರನ್ನೇ ಕೇಳಿ.”

ಎಲ್ಲರೂ ಸಾಹೇಬರ ಕಡೆ ತಿರುಗಿದರು. ಸಾಹೇಬರು ಪರದೆಯ ಮೇಲಿನ ನಲ್ಲಿಯ ಚಿತ್ರ ನೋಡುತ್ತಿದ್ದರು.

ರೀಸ್ಟಾರ್ಟು ಕಾಲರ್ ಸರಿಮಾಡಿಕೊಂಡು ಮೂರು ಬಾಗಿಲು, ಒಂದು ನಡುಮನೆಯ ಕತೆಯನ್ನೆಲ್ಲ ಹೇಳಿದ. ಹೇಳುತ್ತಿದ್ದ ಹಾಗೆ ಅವನಿಗೂ ಆಗಲೇ ಅರ್ಥವಾಗುತ್ತಿತ್ತು. “ಇವಳು ಮೊದಲ ಬಾಗಿಲಲ್ಲಿದ್ದಾಳೆ ಅನ್ಕೊಂಡಿದ್ದೆ ಅಮ್ಮ. ನಡುಮನೇಲಿ ಕೂತಿದ್ಲು. ನಡುಮನೆ ಎಲ್ಲರಿಗೂ ಒಂದೇ ಅಲ್ವಾ, ಅದಕ್ಕೇ ಎಲ್ಲರ ಮನೇಗೂ ಬಂದ್ಳು.”

“ಎಲ್ಲರ ಮನೇಗೂ!” ಎಂದಳು ಹೆಂಡತಿ. “ಇನ್ನೊಂದ್ಸಲ ಹೇಳಿ, ಕೇಳೋಣ.”

“ಕೇಳಿದ್ರಾ ಸಾರ್, ಕೇಳಿದ್ರಾ!” ಭಾವನಿಗೆ ಕಚೇರಿ ತುಂಬ ಸಭಿಕರು ಸಿಕ್ಕಿದ್ದರು. “ಇವನಿಗೆ ಮೇಜು ಕೊಡ್ಬೇಕಂತೆ! ಇವತ್ತೇ ಎಲ್ಲಾ ಒರೆಸಿ ಹೊಸದಾಗಿ ಹಾಕಿಸ್ತೀನಿ ಸಾರ್. ಇವನಿಗೆ ಬ್ರಷ್ಷೇ ಗತಿ. ಇಂಥವನನ್ನ ನಮ್ಮ ಮನೆ ಅಳಿಯ ಅಂತ...”

ಆಗ ಕಂಪ್ಯೂಟರುಗಳಿಗೆ ಮೂರನೆಯ ಕೂಗಿನ ಹೊತ್ತಾಯಿತು. ಅದನ್ನು ಹೆಂಡತಿ ಆ ಭಾನುವಾರ ಕೊನೆಗೆ, ದಣಿದು, ಅಕ್ಕರೆಯಿಂದ ಮೆಲ್ಲಗೆ ಹೇಳಿದ್ದಳು. ಎಲ್ಲ ಮೇಜುಗಳಿಂದಲೂ ಅದು ಅಷ್ಟೇ ಅಕ್ಕರೆಯಿಂದ, ಅಷ್ಟೇ ಸ್ಪಷ್ಟವಾಗಿ ಬಂತು:

“ರೀ, ಇನ್ನು ಅಂಗಡಿಗೆ ಹೊರಡಿ. ಪ್ಯಾಂಟ್ ಹಾಕ್ಕೊಂಡಿದೀರಾ ನೋಡ್ಕೊಳ್ಳಿ. ಅಣ್ಣ ಕೂಗಾಡಿದ್ರೆ ಕಿವಿಗೆ ಹಾಕ್ಕೋಬೇಡಿ. ಅವನಿಗೆ ಸಣ್ಣವನಿದ್ದಾಗ್ಲಿಂದ ಹಾಗೇ, ನಾಲ್ಕು ಜನ ಇದ್ರೆ ಸಾಕು, ಗಂಟಲು ಏರುತ್ತೆ. ಒಬ್ಬನೇ ಇದ್ರೆ ಹಲ್ಲಿಗೂ ಹೆದರ್ತಾನೆ.”

ಎತ್ತಿದ್ದ ಭಾವನ ಕೈ ಎತ್ತಿದಂತೆಯೇ ಇತ್ತು. ಸಾಹೇಬರ ಕೋಣೆಯ ಯಂತ್ರ ಸ್ವಲ್ಪ ಹಿಂದುಳಿದಿತ್ತು, ಅದೊಂದೇ ಕೊನೆಗೆ, “...ಹಲ್ಲಿಗೂ ಹೆದರ್ತಾನೆ,” ಎಂದು ಮುಗಿಸಿತು.

ಮೊದಲು ನಕ್ಕವರು ಹೆಡ್‌ಕ್ಲರ್ಕಮ್ಮ. ಆಮೇಲೆ ಯಾರು ಯಾರನ್ನೂ ನೋಡದೆ ನಕ್ಕರು. ಸಾಹೇಬರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಮಣ್ಣುಗೈಯ ಹೆಂಗಸಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

“ಅಲ್ಲಮ್ಮ, ಇವರು ನಿನ್ನ ಮಾತಿಗೆ ಮಾತ್ರೆ ನುಂಗಿದ್ರಂತೆ. ನಾನು ಮುಂದೆ ನಿಂತು ಬಡ್ಕೊಂಡ್ರೂ ನುಂಗದೋರು!” ರೀಸ್ಟಾರ್ಟುವಿನ ಕಡೆ ತಿರುಗಿದರು. “ಏನಪ್ಪಾ, ಇವರ ಮಿಷಿನ್ನಿಗೆ ನನ್ನ ದನಿ ಹಾಕ್ಕೊಡ್ತೀಯಾ?”

“ಆಗುತ್ತೆ ಅಮ್ಮ. ನಾಲ್ಕನೇ ಬಾಗಿಲು ಇಡ್ಬೇಕು, ಅಷ್ಟೇ.”

“ಬಾಗಿಲು ಎಷ್ಟಾದ್ರೂ ಇಡು. ಬೇಗ ಮನೆಗೆ ಬನ್ನಿ ಅನ್ನೋದನ್ನೂ ಸೇರ್ಸು. ಗಟ್ಟಿಯಾಗಿ.”

ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಹೆಂಡತಿ ನೋಡಿದರು. ಸಾಹೇಬರು, “ಒಳ್ಳೆ ಯೋಜನೆ,” ಎಂದರು.

ಕ್ಯಾಷಿಯರ್ ತನ್ನ ತಾಯಿಯ ದನಿ ಬೇಕೆಂದ, ಹೆಂಡತಿಯದು ಮನೆಯಲ್ಲೇ ಬೇಕಾದಷ್ಟಿದೆ ಎಂದ. ಹೆಡ್‌ಕ್ಲರ್ಕಮ್ಮ ತಮ್ಮದರಲ್ಲಿ ಯಾರ ದನಿಯೂ ಕೂಡದು ಎಂದರು: “ನಾನು ಇಲ್ಲಿಗೆ ಬರೋದೇ ಅದಕ್ಕೆ ಕಣಪ್ಪ.” ಮದುವೆಯಾಗದ ಟೈಪಿಸ್ಟ್ ಒಬ್ಬ ಮಾತ್ರ, ತನ್ನದರಲ್ಲಿ ಈಗ ಇರುವ ದನಿಯೇ ಇರಲಿ, ಪರವಾಗಿಲ್ಲ ಎಂದ. ರೀಸ್ಟಾರ್ಟುವಿನ ಹೆಂಡತಿ ಅವನನ್ನು ನೋಡಿದ ರೀತಿಗೆ ಅವನೇ ಹೋಗಿ ಸ್ವಿಚ್ ಆರಿಸಿದ.

“ಇಷ್ಟೂ ಕೆಲಸ ಇವನ ಕೈಲೇ ಆಗ್ಬೇಕು,” ಎಂದರು ಸಾಹೇಬರು ಭಾವನಿಗೆ. “ಬೇರೆಯವರನ್ನ ಕಳಿಸ್ಬೇಡಿ. ನಮ್ಮ ಮನೆಯವರ ಆಜ್ಞೆ.”

ಭಾವ ಕೈ ಇಳಿಸಿದ. ಕರವಸ್ತ್ರದಲ್ಲಿ ಮುಖ ಒರೆಸಿಕೊಂಡ. ಅವನ ಗಂಟಲು ನಾಲ್ಕು ಜನರ ಮುಂದೆ ಮೊದಲ ಸಲ ಇಳಿದಿತ್ತು. “ಸರಿ ಬಿಡು,” ಎಂದ. “ಮೇಜು ನಿಂದೇ. ಕೀಲಿ ತಗೋ.” ರೀಸ್ಟಾರ್ಟು ಕೀಲಿ ತೆಗೆದುಕೊಂಡ. ಅದು ಬೆಚ್ಚಗಿತ್ತು, ಭಾವನ ಜೇಬಿನ ಶಾಖ.

ಆದರೆ ಭಾವನ ಮನಸ್ಸು ತಡೆಯಲಿಲ್ಲ. ಬಾಗಿಲ ಹತ್ತಿರ ಅಡ್ಡ ನಿಂತು, ಎಲ್ಲರೂ ಕೇಳುವ ಹಾಗೆಯೇ ಕೇಳಿದ: “ಒಂದು ಹೇಳು. ನನ್ನ ತಂಗಿ ದನೀನ ನೀನು ಬೇಕೂಂತ್ಲೇ ಬಿಟ್ಟಿದ್ದಾ, ಗೊತ್ತಿಲ್ದೆ ಬಿಟ್ಟಿದ್ದಾ?”

ಕಚೇರಿ ಕಿವಿಯಾಯಿತು. ಬೇಕೆಂದೇ ಎಂದರೆ, ಭಾವನ ಮಾನವನ್ನು ಮೇಜು ಮೇಜಿಗೆ ಹಂಚಿದವನು ಇವನೇ ಎಂದಾಗುತ್ತಿತ್ತು. ಮನೆಯಲ್ಲಿ ಹೆಂಡತಿ ಬೇರೆ ವಿಚಾರಿಸಿಕೊಳ್ಳುತ್ತಿದ್ದಳು. ಗೊತ್ತಿಲ್ಲದೆ ಎಂದರೆ, ಕೀಲಿ ಬಂದ ದಾರಿಯಲ್ಲೇ ವಾಪಸು. ಹೆಂಡತಿ ಮಣ್ಣುಗೈ ಕಟ್ಟಿಕೊಂಡು ಅವನ ಬಾಯನ್ನೇ ನೋಡುತ್ತಿದ್ದಳು. ಸಾಹೇಬರೂ ನೋಡುತ್ತಿದ್ದರು, ಅವರ ಹೆಂಡತಿಯೂ.

ರೀಸ್ಟಾರ್ಟು ಪೆನ್‌ಡ್ರೈವನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದ. ಕೀಲಿಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಸಾಹೇಬರಿಗೆ ನಮಸ್ಕಾರ ಮಾಡಿದ, ಸಾಹೇಬರ ಹೆಂಡತಿಗೆ ಇನ್ನೂ ಸ್ವಲ್ಪ ಬಗ್ಗಿ ಮಾಡಿದ. ಆಮೇಲೆ ಭಾವನ ಪಕ್ಕದ ಸಂದಿಯಲ್ಲಿ ಅಡ್ಡವಾಗಿ ನುಸುಳಿ, ಮೆಟ್ಟಿಲಿಳಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಂಗಡಿಯ ಕಡೆ ನಡೆದ.